ಮೈಕ್ ಹಿಡಿದವನೇ ಬಿದ್ದರೆ? ಕರ್ನೆಲ್ ಡಿಬಗ್ ಮಾಡುವಾಗ ಕನ್ಸೋಲ್ ಉಳಿಸಿಕೊಳ್ಳುವ ಕ್ರಮ

ಆಟಿ ತಿಂಗಳ ಒಂದು ಭಾನುವಾರ. ನೀರ್ಚಾಲಿನ ನಮ್ಮ ಮನೆಯ ಚಾವಡಿಯಲ್ಲಿ ಅಕ್ಕನ ಮಗ ಲ್ಯಾಪ್‌ಟಾಪ್ ಬಿಡಿಸಿಕೊಂಡು ಕೂತಿದ್ದ. ಹೊರಗೆ ಬಿಡದೆ ಮಳೆ. ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವನೂ ಅವನ ಗೆಳೆಯನೂ ಸೇರಿ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದಾರೆ. ಹಠ ಹಿಡಿದು ಸಂದೇಶಗಳನ್ನೆಲ್ಲ ಕನ್ನಡದಲ್ಲೇ ಹಾಕಿದ್ದಾರೆ.

"ಮಾವ, ಇಲ್ಲೊಂದು ವಿಚಿತ್ರ ಉಂಟು. ಪ್ರಿಂಟ್ ಹಾಕಿದ್ರೆ ಹ್ಯಾಂಗ್ ಆಗ್ತದೆ. ತೆಗೆದ್ರೆ ಓಡ್ತದೆ."

ಪರದೆಯಲ್ಲಿ ಕೊನೆಗೆ ಇದ್ದದ್ದು ಇಷ್ಟು:

ಮೆಮೊರಿ ಸಿದ್ಧ
ಶೆಡ್ಯೂಲರ್ ಶುರು
ಪ್ರೊಸೆಸ್ 2 ಪು

"ಪುಟ" (ಮೆಮೊರಿಯ ಒಂದು ತುಂಡು) ಎಂದು ಬರಬೇಕಾದಲ್ಲಿ "ಪು" ಎಂದು ನಿಂತುಬಿಟ್ಟಿದೆ. ಅವರು ಎರಡು ದಿನದಿಂದ ಮೆಮೊರಿ ಹಂಚುವ ಅಲೊಕೇಟರ್ ಕೋಡನ್ನೇ ಕೆದಕುತ್ತಿದ್ದರು. ನಾನು ಈ ಕೆಲಸದಲ್ಲಿ ಹಲವು ವರ್ಷ ಕಳೆದವನು. ಅರ್ಧ ಪದಕ್ಕೆ ನಿಂತ ಔಟ್‌ಪುಟ್ ಕಂಡರೆ ನನ್ನ ಮೊದಲ ಸಂಶಯ ಸಂದೇಶ ಹೊರಹಾಕುವ ಕನ್ಸೋಲ್ ಮೇಲೆಯೇ. ತಪ್ಪು ಹುಡುಕಲಿಕ್ಕೆ ಅಂತ ಹಾಕಿದ ಪ್ರಿಂಟೇ ತಪ್ಪು ಮಾಡುತ್ತಿರುತ್ತದೆ. ಸಾಮಾನ್ಯ ಪ್ರೋಗ್ರಾಮಿನಲ್ಲಿ ಪ್ರಿಂಟ್‌ಎಫ್ ಕರೆದು ಸುಮ್ನೆ ಇರಬಹುದು, ಕೆಳಗೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್ ಉಂಟು. ಕರ್ನೆಲ್ಲಿನ ಕೆಳಗೆ ಯಾರೂ ಇಲ್ಲ.

ಆವತ್ತು ಅವರಿಗೆ ಹೇಳಿಕೊಟ್ಟದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಆಜ್ಞೆಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆಯೇ ಕನ್ನಡದಲ್ಲಿ ಹಾಕಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ.

ಹೆಜ್ಜೆ 1: ಪರದೆ ಬಿಡಿ, ಸೀರಿಯಲ್ ಹಿಡಿಯಿರಿ

ಸ್ವಂತ ಕರ್ನೆಲ್ ಬರೆಯುವವರು ಬಹುತೇಕ ಶುರು ಮಾಡುವುದು ವಿಜಿಎ ಪರದೆಯಿಂದ. ಹೆಕ್ಸ್ (16ರ ಎಣಿಕೆ) ಬಿ8000 ವಿಳಾಸದಲ್ಲಿ ಒಂದು ಅಕ್ಷರಕ್ಕೆ ಎರಡು ಬೈಟ್ ಬರೆದರೆ ಸಾಕು, ಪರದೆಯಲ್ಲಿ ಮೂಡುತ್ತದೆ. ಖುಷಿಯಾಗುತ್ತದೆ, ನಿಜ. ಆದರೆ ಅಲ್ಲಿ ಇರುವುದು 25 ಸಾಲು, 80 ಅಕ್ಷರ. 26ನೇ ಸಾಲು ಬಂದಾಗ ಮೊದಲನೆಯದು ಹೋಯಿತು. ಯಂತ್ರ ರೀಬೂಟ್ ಆದರೆ ಎಲ್ಲವೂ ಹೋಯಿತು. ಕನ್ನಡವಂತೂ ಅದರಲ್ಲಿ ಬರುವುದೇ ಇಲ್ಲ.

ಬಿಟ್ಟುಗಳನ್ನು ಒಂದೊಂದಾಗಿ ತಂತಿಯಲ್ಲಿ ಕಳಿಸುವ ಸೀರಿಯಲ್ ಪೋರ್ಟಿಗೆ ಹಾಕಿದ್ದು ಹಾಗಲ್ಲ. ಬೈಟ್ ತಂತಿ ದಾಟಿ ಹೋಯಿತು ಎಂದರೆ ಅದು ಬೇರೆ ಯಂತ್ರದ ಸೊತ್ತು. ಇಲ್ಲಿ ಕರ್ನೆಲ್ ಸತ್ತರೂ ಅಲ್ಲಿ ಉಳಿಯುತ್ತದೆ.

ಕ್ಯೂಎಮು (ಇಡೀ ಯಂತ್ರವನ್ನೇ ನಕಲು ಮಾಡುವ ಪ್ರೋಗ್ರಾಂ) ಬಳಸುವವರಿಗೆ ಇದು ಸುಲಭ. ಸೀರಿಯಲ್ ಆಯ್ಕೆಗೆ ಫೈಲ್: ಎಂದು ಹಾಕಿ ಒಂದು ಫೈಲಿನ ಹೆಸರು ಕೊಟ್ಟರೆ ಬಂದದ್ದೆಲ್ಲ ಅದರಲ್ಲಿ ಕೂರುತ್ತದೆ. ಜೊತೆಗೆ ನೋ-ರೀಬೂಟ್ ಆಯ್ಕೆಯನ್ನು ಮರೆಯದೆ ಹಾಕಿ. ಇಲ್ಲದಿದ್ದರೆ ಟ್ರಿಪಲ್ ಫಾಲ್ಟ್ (ತಪ್ಪನ್ನು ಸಂಭಾಳಿಸುವಾಗಲೂ ತಪ್ಪಾಗಿ ಸಿಪಿಯು ಕೈಚೆಲ್ಲುವುದು) ಆದಾಗ ಯಂತ್ರ ಮತ್ತೆ ಶುರುವಾಗಿ, ಬೂಟ್ ಸಂದೇಶಗಳು ಸುತ್ತು ಸುತ್ತು ಬರುತ್ತವೆ. ನೋಗ್ರಾಫಿಕ್ ಆಯ್ಕೆಯಲ್ಲಿ ಓಡಿಸಿ ಹೊರಬರಲು ಗೊತ್ತಾಗದಿದ್ದರೆ, ಕಂಟ್ರೋಲ್-ಎ ಒತ್ತಿ ಬಿಟ್ಟು ಆಮೇಲೆ ಎಕ್ಸ್. ಎಕ್ಸ್ ಬದಲು ಸಿ ಒತ್ತಿದರೆ ಕ್ಯೂಎಮುವಿಗೆ ಆಜ್ಞೆ ಕೊಡುವ ಮಾನಿಟರ್ ಸಿಗುತ್ತದೆ.

ಇನ್ನೂ ಸರಳ ದಾರಿ ಬೇಕಾದರೆ ಕ್ಯೂಎಮುವಿನದೇ ಡಿಬಗ್‌ಕಾನ್ ಉಂಟು. ಪೋರ್ಟ್ ಹೆಕ್ಸ್ ಇ9ಕ್ಕೆ ಒಂದು ಬೈಟ್ ಎಸೆದರೆ ಮುಗಿಯಿತು. ಸಿದ್ಧತೆ ಬೇಡ, ಕಾಯುವುದು ಬೇಡ. ಬೂಟ್ ಆಗುವ ಮೊದಲ ಕೆಲವು ಸಾಲುಗಳಿಗೆ ನನಗೆ ಇದೇ ಇಷ್ಟ. ನಿಜವಾದ ಯಂತ್ರದಲ್ಲಿ ಮಾತ್ರ ಇದು ನಡೆಯದು.

ಹೆಜ್ಜೆ 2: ನಿಜವಾದ ಬೋರ್ಡ್ ಆದರೆ ಮೊದಲು ತಂತಿ ನೋಡಿ

ಸೀರಿಯಲ್ ಎಂಬ ಒಂದೇ ಹೆಸರಿನಲ್ಲಿ ಎರಡು ಜಾತಿ ಉಂಟು. ಹಳೆ ಡೆಸ್ಕ್‌ಟಾಪಿನ ಹಿಂದಿನ ಒಂಬತ್ತು ಪಿನ್ನಿನ ಪೋರ್ಟು ಆರ್‌ಎಸ್-232. ಅದರಲ್ಲಿ ವೋಲ್ಟೇಜು ಮೈನಸ್ಸಿಗೂ ಹೋಗುತ್ತದೆ, ಪ್ಲಸ್ ಮೈನಸ್ 15ರವರೆಗೂ ಇರಬಹುದು. ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಪಿನ್ನುಗಳದ್ದು 3.3 ವೋಲ್ಟ್ ಮಾತ್ರ. ಒಂದರ ಕೇಬಲ್ಲನ್ನು ಇನ್ನೊಂದಕ್ಕೆ ಹಾಕಿದರೆ ಪೈ ಸುಟ್ಟಿತು ಅಂತಲೇ ಲೆಕ್ಕ. ನಾನು ಒಮ್ಮೆ ಯುಎಸ್‌ಬಿ ಅಡಾಪ್ಟರಿನ ಜಂಪರನ್ನು 5 ವೋಲ್ಟಿನಲ್ಲೇ ಬಿಟ್ಟು ಪೈಯ ಆರ್‌ಎಕ್ಸ್ (ಪಡೆಯುವ) ಪಿನ್ ಕಳಕೊಂಡೆ. ಬೋರ್ಡ್ ಬದುಕಿತು, ಆದರೆ ಆಮೇಲೆ ಅದು ಮಾತಾಡುತ್ತದೆ, ಕೇಳಿಸಿಕೊಳ್ಳುವುದಿಲ್ಲ.

ಪೈಯಲ್ಲಿ 6ನೇ ಪಿನ್ ಗ್ರೌಂಡ್, 8 ಕಳಿಸುವುದು, 10 ಪಡೆಯುವುದು. ಅಡಾಪ್ಟರಿನ ಟಿಎಕ್ಸ್ (ಕಳಿಸುವ ಪಿನ್) ಹೋಗಬೇಕಾದ್ದು ಪೈಯ ಆರ್‌ಎಕ್ಸಿಗೆ, ಅಂದರೆ ಅಡ್ಡಡ್ಡ. ಅಡಾಪ್ಟರಿನ 5 ವೋಲ್ಟ್ ತಂತಿಯನ್ನು ಎಲ್ಲಿಗೂ ಸಿಕ್ಕಿಸಬೇಡಿ. ಗ್ರೌಂಡ್ ಮೊದಲು ಜೋಡಿಸಿ. ಕಾನ್ಫಿಗ್ ಫೈಲಿನಲ್ಲಿ ಎನೇಬಲ್_ಯುಆರ್ಟ್=1 ಎಂದು ಹಾಕದಿದ್ದರೆ ಕೆಲವು ಪೈಗಳಲ್ಲಿ ಏನೂ ಬರುವುದಿಲ್ಲ, ಬಂದರೂ ಕಸದ ಹಾಗೆ ಬರುತ್ತದೆ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಹಳೆ ಮನೆಗಳಲ್ಲಿ ಅರ್ತಿಂಗ್ ನಂಬುವ ಹಾಗಿರುವುದಿಲ್ಲ. ಚಾರ್ಜರ್ ಹಾಕಿದ ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಜುಂ ಅನ್ನುತ್ತದಲ್ವಾ, ಆ ಸೋರಿಕೆ ಸೀರಿಯಲ್ ತಂತಿಯಲ್ಲೂ ಹರಿಯುತ್ತದೆ. ಬೋರ್ಡ್ ಜೋಡಿಸುವಾಗ ಚಾರ್ಜರ್ ಕಳಚಿ ಬ್ಯಾಟರಿಯಲ್ಲೇ ಇರಿ. ತುಲಾ ತಿಂಗಳ ಸಂಜೆಯ ಗುಡುಗು ಶುರುವಾದರೆ ಎಲ್ಲ ಎತ್ತಿಡಿ. ಅದು ಡಿಬಗ್ ಮಾಡುವ ಹೊತ್ತಲ್ಲ.

ಲ್ಯಾಪ್‌ಟಾಪ್ ಕಡೆ ಸೀರಿಯಲ್ ಓದುವ ಪಿಕೊಕಾಮ್ ಪ್ರೋಗ್ರಾಂ ಸಾಕು. ವೇಗ 115200, ಡೇಟಾ 8 ಬಿಟ್, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1. ಮಿನಿಕಾಮ್ ಬಳಸಿದರೆ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆಫ್ ಮಾಡಿ. ಯಾವುದೇ ಆಗಲಿ, ಲಾಗ್ ಫೈಲಿಗೆ ಬರೆಯುವ ಆಯ್ಕೆಯನ್ನು ಶುರುವಿನಲ್ಲೇ ಹಾಕಿಕೊಳ್ಳಿ. ಕ್ರ್ಯಾಶ್ ಆದ ಮೇಲೆ ಮೇಲಕ್ಕೆ ಸ್ಕ್ರಾಲ್ ಮಾಡಿ ಹುಡುಕುವುದು ಬೇಡ.

ಹೆಜ್ಜೆ 3: ಒಂದು ಬೈಟ್ ಕಳಿಸುವ ಫಂಕ್ಷನ್, ಅದಕ್ಕೊಂದು ಮಿತಿ

ಪಿಸಿಯ ಮೊದಲ ಸೀರಿಯಲ್ ಪೋರ್ಟ್ ಹೆಕ್ಸ್ 3ಎಫ್8ರಲ್ಲಿ ಇರುತ್ತದೆ. ಚಿಪ್ಪು 16550 ಜಾತಿಯದ್ದು. ಗಡಿಯಾರ 1.8432 ಮೆಗಾಹರ್ಟ್ಸ್, ಅದನ್ನು 16ರಿಂದ ಭಾಗಿಸಿದರೆ 115200. ಹಾಗಾಗಿ ಡಿವೈಸರ್ (ಭಾಜಕ) 1 ಎಂದು ಹಾಕಿದರೆ ಪೂರ್ತಿ ವೇಗ. ಪೋರ್ಟಿಗೆ 5 ಸೇರಿಸಿದ ಜಾಗದಲ್ಲಿ ಸ್ಥಿತಿ ಓದಬಹುದು. ಅಲ್ಲಿ ಹೆಕ್ಸ್ 20ರ ಬಿಟ್ ಹೊತ್ತಿದ್ದರೆ ಕಳಿಸುವ ಬಫರ್ (ಬೈಟುಗಳು ಸರದಿ ಕಾಯುವ ಜಾಗ) ಖಾಲಿ ಎಂದರ್ಥ.

ಹುಡುಗರು ಆ ಬಿಟ್ ನೋಡುತ್ತಲೇ ಇರಲಿಲ್ಲ. ಬೈಟ್ ಸೀದಾ ಪೋರ್ಟಿಗೆ ಎಸೆಯುತ್ತಿದ್ದರು. ಕ್ಯೂಎಮು ಒಳಗೆ ಎಲ್ಲ ಚೆಂದ. ಕಾಸರಗೋಡು ಪೇಟೆಯಿಂದ ತಂದ ಒಂದು ಹಳೆ ಡೆಸ್ಕ್‌ಟಾಪಿಗೆ ಹಾಕಿದಾಗ "ನಮಸ್ಕಾರ" ಎಂಬುದು ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯಾಗಿ ಬಂತು. ಏನಾಗಿದೆ ಅಂದರೆ, ಕನ್ನಡದ ಪ್ರತಿ ಕೋಡ್ ಪಾಯಿಂಟೂ (ಅಕ್ಷರ ಅಥವಾ ಚಿಹ್ನೆಯ ಸಂಖ್ಯೆ) ಯುಟಿಎಫ್-8 ಬರಹಕ್ರಮದಲ್ಲಿ 3 ಬೈಟ್. ನ, ಮ, ಸ, ಅರ್ಧಾಕ್ಷರದ ವಿರಾಮ, ಕ, ಆಕಾರ, ರ, ಒಟ್ಟು 7. ಅಂದರೆ 21 ಬೈಟ್. ಚಿಪ್ಪಿನ ಒಳಗಿನ ಸಾಲಿನಲ್ಲಿ ಇರುವುದು 16 ಜಾಗ. ಐದು ಕೋಡ್ ಪಾಯಿಂಟ್ ದಾಟಿ ಆರನೆಯದು ಅರ್ಧಕ್ಕೆ ಮುರಿಯಿತು. ಇಂಗ್ಲಿಷಿನ ಚಿಕ್ಕ ಪದ ಆಗಿದ್ದರೆ ಈ ತಪ್ಪು ವಾರಗಟ್ಟಲೆ ಅಡಗಿ ಕೂರುತ್ತಿತ್ತು. ಕನ್ನಡದಿಂದಾಗಿ ಮೊದಲ ದಿನವೇ ಸಿಕ್ಕಿಬಿತ್ತು!

ಸರಿ, ಕಾಯಬೇಕು. ಆದರೆ ಎಷ್ಟು ಹೊತ್ತು? ಚಿಪ್ಪು ಮುನಿಸಿಕೊಂಡರೆ ಆ ಬಿಟ್ ಯಾವತ್ತೂ ಹೊತ್ತದೆ ಇರಬಹುದು. ಆಗ ಕರ್ನೆಲ್ ಅಲ್ಲೇ ಸುತ್ತುತ್ತಾ ಕೂರುತ್ತದೆ. ಅದಕ್ಕೆ ಮಿತಿ ಬೇಕು. ಸಿ ಕೋಡ್ ಮುಟ್ಟುವ ಮೊದಲು ಅವರ ಕೈಯಲ್ಲಿ ಕಾಗದದ ಮೇಲೆ ಹೀಗೆ ಬರೆಸಿದೆ:

ಪೋರ್ಟ್ ಸತ್ತಿದೆ ಎಂದು ಗುರುತಿದ್ದರೆ ಸುಮ್ಮನೆ ವಾಪಸ್ ಹೋಗು
ಎಣಿಕೆ = 100000
ಬಫರ್ ಖಾಲಿ ಆಗುವವರೆಗೆ:
– ಎಣಿಕೆಯಲ್ಲಿ ಒಂದು ಕಳೆ
– ಸೊನ್ನೆಯಾದರೆ ಪೋರ್ಟ್ ಸತ್ತಿದೆ ಎಂದು ಗುರುತು ಹಾಕಿ ವಾಪಸ್ ಹೋಗು
ಬೈಟನ್ನು ಪೋರ್ಟಿಗೆ ಹಾಕು

ಸತ್ತ ಗುರುತು ಯಾಕೆ ಎಂದು ಗೆಳೆಯ ಕೇಳಿದ. ಅದಿಲ್ಲದಿದ್ದರೆ ಪ್ರತಿ ಬೈಟಿಗೂ ಒಂದು ಲಕ್ಷ ಸುತ್ತು ಕಾಯಬೇಕಾಗುತ್ತದೆ. ಹ್ಯಾಂಗ್ ಆಗುವುದಿಲ್ಲ, ಆದರೆ ಹ್ಯಾಂಗ್ ಆದ ಹಾಗೆಯೇ ಇರುತ್ತದೆ.

ಈ ಫಂಕ್ಷನ್ ಮೆಮೊರಿ ಕೇಳುವುದಿಲ್ಲ, ಲಾಕ್ (ಒಂದು ಸಲಕ್ಕೆ ಒಬ್ಬರನ್ನೇ ಬಿಡುವ ಬೀಗ) ಹಿಡಿಯುವುದಿಲ್ಲ, ಇಂಟರಪ್ಟ್ (ಕೆಲಸದ ನಡುವೆ ಸಿಪಿಯುವನ್ನು ಕರೆಯುವ ಸಂಕೇತ) ನಂಬುವುದಿಲ್ಲ. ಕೊನೆಯವರೆಗೂ ಹಾಗೆಯೇ ಇರಲಿ. ಮುಂದೆ ಪ್ಯಾನಿಕ್ (ಸರಿಪಡಿಸಲಾಗದ ತಪ್ಪಿಗೆ ಸಿಕ್ಕಿ ಕರ್ನೆಲ್ ನಿಲ್ಲುವುದು) ಆಗುವಾಗ ಕೈ ಹಿಡಿಯುವುದು ಇದೊಂದೇ.

ಹೆಜ್ಜೆ 4: ಲಾಕ್ ಹಾಕಿ, ಆದರೆ ಇಂಟರಪ್ಟ್ ಮುಚ್ಚಿ ಹಾಕಿ

ಕುಂಬಳೆ ಜಾತ್ರೆಯ ಬೆಡಿಗೆ (ಸುಡುಮದ್ದಿಗೆ) ಹೋದವರು ನೆನಪು ಮಾಡಿಕೊಳ್ಳಿ. ಅಷ್ಟು ಜನಜಂಗುಳಿ, ಮೈಕ್ ಒಂದೇ. ಒಬ್ಬ ಕನ್ನಡದಲ್ಲಿ, ಇನ್ನೊಬ್ಬ ಮಲಯಾಳದಲ್ಲಿ ಒಟ್ಟಿಗೇ ಕೂಗಿದರೆ ಯಾರ ಮಗು ಕಳೆದುಹೋಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಎರಡು ಸಿಪಿಯು ಒಂದೇ ಪೋರ್ಟಿಗೆ ಬರೆದಾಗ ಆಗುವುದೂ ಅದೇ. ಇಂಗ್ಲಿಷ್ ಆದರೆ ಅಕ್ಷರಗಳು ಕಲಸುತ್ತವೆ, ತಾಳ್ಮೆಯಿದ್ದರೆ ಓದಬಹುದು. ಕನ್ನಡದಲ್ಲಿ ಬೈಟುಗಳೇ ಕಲಸಿ ಪೂರ್ತಿ ಕಸವಾಗುತ್ತದೆ.

ಹಾಗಾಗಿ ಲಾಕ್ ಬೇಕು. ಒಂದು ಇಡೀ ಸಾಲು ಮುಗಿಯುವವರೆಗೆ ಹಿಡಿಯಬೇಕು, ಒಂದೊಂದು ಬೈಟಿಗೆ ಅಲ್ಲ. ಹುಡುಗರು ಇಷ್ಟನ್ನು ಸರಿಯಾಗಿಯೇ ಮಾಡಿದ್ದರು. ಎಡವಿದ್ದು ಇದರ ನಂತರ.

ಅವರ ಸಾಮಾನ್ಯ ಕೋಡ್ ಲಾಕ್ ಹಿಡಿದು "ಪ್ರೊಸೆಸ್ 2 ಪುಟ" ಎಂದು ಬರೆಯುತ್ತಿತ್ತು. "ಪು" ಆದ ಹೊತ್ತಿಗೆ ಟೈಮರ್ ಇಂಟರಪ್ಟ್ ಬಂತು. ಅದನ್ನು ನೋಡಿಕೊಳ್ಳುವ ಹ್ಯಾಂಡ್ಲರ್ ಕೋಡಿನ ಒಳಗೂ ಒಂದು ಪ್ರಿಂಟ್ ಇತ್ತು. ಅದು ಲಾಕಿಗೆ ಕಾಯುತ್ತಾ ಕೂತಿತು. ಲಾಕ್ ಬಿಡಬೇಕಾದ ಕೋಡ್ ಅದೇ ಸಿಪಿಯುವಿನಲ್ಲಿ ಹ್ಯಾಂಡ್ಲರ್ ಮುಗಿಯಲಿ ಎಂದು ಕಾಯುತ್ತಿದೆ. ಕೈಯಲ್ಲಿ ಮೈಕ್ ಹಿಡಿದುಕೊಂಡೇ ಮೈಕ್ ಖಾಲಿಯಾಗಲಿ ಎಂದು ಕ್ಯೂ ನಿಂತ ಹಾಗೆ. ಪ್ರಿಂಟ್ ತೆಗೆದರೆ ಸರಿಯಾಗುತ್ತಿದ್ದದ್ದು ಈ ಕಾರಣಕ್ಕೆ.

ಪರಿಹಾರ: ಲಾಕ್ ಹಿಡಿಯುವ ಮೊದಲು ಆ ಸಿಪಿಯುವಿನ ಇಂಟರಪ್ಟ್ ಮುಚ್ಚಿ. ಬಿಟ್ಟ ಮೇಲೆ ತೆರೆಯಿರಿ.

ಇಲ್ಲಿ ಇನ್ನೊಂದು ಗುಂಡಿ ಉಂಟು. "ತೆರೆಯಿರಿ" ಎಂದರೆ ಕಣ್ಣುಮುಚ್ಚಿ ತೆರೆಯುವುದಲ್ಲ. ನೀವು ಬರುವ ಮೊದಲೇ ಬೇರೆ ಯಾರೋ ಮುಚ್ಚಿದ್ದರೆ ಅದು ಮುಚ್ಚಿಯೇ ಇರಬೇಕು. ಹಾಗಾಗಿ ಹಳೆಯ ಸ್ಥಿತಿಯನ್ನು ಉಳಿಸಿಕೊಂಡು ಅದನ್ನೇ ವಾಪಸ್ ಇಡಿ. ಲಿನಕ್ಸಿನಲ್ಲಿ ಸ್ಪಿನ್ ಲಾಕ್ ಐಆರ್‌ಕ್ಯು ಸೇವ್ ಎಂಬುದು ಮಾಡುವುದು ಇದನ್ನೇ. ಎಂಐಟಿಯ ಪಾಠದ ಕರ್ನೆಲ್ ಎಕ್ಸ್‌ವಿ6ರಲ್ಲಿ ಪುಶ್_ಆಫ್, ಪಾಪ್_ಆಫ್ ಎಂಬ ಜೋಡಿ ಉಂಟು. ಎಷ್ಟು ಸಲ ಮುಚ್ಚಿದೆ ಎಂದು ಎಣಿಸಿಟ್ಟು, ಅಷ್ಟೂ ಸಲ ತೆರೆದ ಮೇಲೆಯೇ ನಿಜಕ್ಕೂ ತೆರೆಯುತ್ತದೆ. ಕಲಿಯುವವರು ಆ ಕೋಡ್ ಒಮ್ಮೆ ಓದಿ, ಚಿಕ್ಕದು.

ಎನ್‌ಎಂಐ ಎಂಬ ಇಂಟರಪ್ಟನ್ನು ಮಾತ್ರ ಹೀಗೆ ಮುಚ್ಚಲಾಗುವುದಿಲ್ಲ. ಅದರ ಹ್ಯಾಂಡ್ಲರ್ ಒಳಗೆ ಈ ಲಾಕಿನ ಪ್ರಿಂಟನ್ನು ಕರೆಯಲೇಬೇಡಿ.

ಹೆಜ್ಜೆ 5: ಪ್ಯಾನಿಕ್ ದಾರಿ ಬೇರೆಯೇ ಇರಲಿ

ಈ ಬರಹದಲ್ಲಿ ಒಂದೇ ಹೆಜ್ಜೆ ಓದುತ್ತೇನೆ ಎನ್ನುವವರು ಇದನ್ನು ಓದಿ. ಮಾತಾಡಲು ಎರಡು ದಾರಿ ಬೇಕು. ಒಂದು ಎಲ್ಲ ಸರಿಯಿದ್ದಾಗಿನದು: ಲಾಕ್, ಬಫರ್, ಮರ್ಯಾದೆ ಎಲ್ಲ ಉಂಟು. ಇನ್ನೊಂದು ಮನೆಗೆ ಬೆಂಕಿ ಬಿದ್ದಾಗಿನದು. ಆಗ ಮೈಕ್ ಹಿಡಿದವನೇ ಬಿದ್ದಿರಬಹುದು. ಅವನು ಎದ್ದು ಮೈಕ್ ಕೊಡಲಿ ಎಂದು ಕಾಯುತ್ತಾ ಕೂತರೆ ಆಗುತ್ತದಾ?

ಲಾಕ್ ಹಿಡಿದ ಕೋಡೇ ಪ್ಯಾನಿಕ್ ಆಯಿತು ಎನ್ನಿ. ಪ್ಯಾನಿಕ್ ಫಂಕ್ಷನ್ ಅದೇ ಪ್ರಿಂಟನ್ನು ಕರೆದರೆ, ಅದು ಲಾಕಿಗೆ ಕಾಯುತ್ತದೆ. ಕಾರಣ ಹೇಳದೆ ಯಂತ್ರ ಸಾಯುತ್ತದೆ. "ಲಾಕ್ ಈಗಾಗಲೇ ನನ್ನ ಬಳಿ ಇದ್ದರೆ ಪ್ಯಾನಿಕ್" ಎಂದು ಜಾಣತನದ ತಪಾಸಣೆ ಹಾಕಿದ್ದರೆ ಇನ್ನೂ ಚೆಂದ. ಪ್ಯಾನಿಕ್ ಪ್ರಿಂಟನ್ನು ಕರೆಯುತ್ತದೆ, ಪ್ರಿಂಟ್ ಪ್ಯಾನಿಕನ್ನು ಕರೆಯುತ್ತದೆ, ಸ್ಟ್ಯಾಕ್ (ಫಂಕ್ಷನ್ ಕರೆಗಳ ಲೆಕ್ಕ ಇಡುವ ಮೆಮೊರಿ) ಮುಗಿಯುವವರೆಗೆ ಇದೇ ಆಟ. ಎಕ್ಸ್‌ವಿ6 ಇದನ್ನು ಸರಳವಾಗಿ ತಪ್ಪಿಸಿದ್ದು ಹೀಗೆ: ಪ್ಯಾನಿಕ್‌ನ ಶುರುವಿನಲ್ಲೇ ಪ್ರಿಂಟಿನ ಲಾಕನ್ನು ಆಫ್ ಮಾಡುತ್ತದೆ, ಸಂದೇಶ ಮುಗಿದ ಮೇಲೆ ಉಳಿದ ಸಿಪಿಯುಗಳ ಬಾಯಿ ಮುಚ್ಚಿಸುವ ಗುರುತು ಹಾಕುತ್ತದೆ.

ನಾನು ಹುಡುಗರಿಗೆ ಕೊಟ್ಟ ಕ್ರಮ ಇದು. ಮೊದಲು ಇಂಟರಪ್ಟ್ ಮುಚ್ಚಿ. ಆಮೇಲೆ ಒಂದು ಅಟಾಮಿಕ್ (ನಡುವೆ ಯಾರೂ ತೂರಲಾಗದ) ಗುರುತು: ಮೊದಲು ಬಂದ ಸಿಪಿಯು ಮಾತ್ರ ಮುಂದೆ ಹೋಗಲಿ, ನಂತರ ಬಂದದ್ದು ಅಲ್ಲೇ ನಿಲ್ಲಲಿ. ಅದೇ ಸಿಪಿಯು ಎರಡನೇ ಸಲ ಬಂತು, ಅಂದರೆ ಪ್ಯಾನಿಕ್ ಒಳಗೆ ಪ್ಯಾನಿಕ್. ಆಗ ಮೊದಲೇ ಬರೆದಿಟ್ಟ ನಾಲ್ಕು ಅಕ್ಷರ ಕಳಿಸಿ ನಿಂತುಬಿಡಿ, ಏನನ್ನೂ ಲೆಕ್ಕ ಹಾಕಲು ಹೋಗಬೇಡಿ. ಬೇರೆ ಸಿಪಿಯುಗಳನ್ನು ನಿಲ್ಲಿಸಿ. ಆಮೇಲೆ 3ನೇ ಹೆಜ್ಜೆಯ ಫಂಕ್ಷನ್ನಿನಲ್ಲಿ ಸೀದಾ ಬರೆಯಿರಿ.

ಬರೆಯುವ ಅನುಕ್ರಮವೂ ಮುಖ್ಯ. ಅಪಾಯ ಕಡಿಮೆ ಇರುವುದು ಮೊದಲು. ಕಾರಣದ ಒಂದು ಸಾಲು, ಸಿಪಿಯು ಸಂಖ್ಯೆ, ತಪ್ಪಾದ ಸೂಚನೆಯ ವಿಳಾಸ. ನಂತರ ರಿಜಿಸ್ಟರುಗಳು. ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಎಂಬ ಸ್ಟ್ಯಾಕ್ ಟ್ರೇಸ್ ಕಟ್ಟಕಡೆಗೆ. ಸ್ಟ್ಯಾಕೇ ಹಾಳಾಗಿದ್ದರೆ ಅದನ್ನು ಓದುವಾಗ ಮತ್ತೆ ಫಾಲ್ಟ್ ಆಗಬಹುದು. ಆಗಲಿ ಬಿಡಿ, ಬೇಕಾದ್ದು ಆಗಲೇ ತಂತಿ ದಾಟಿದೆ.

ಎರಡು ಚಿಕ್ಕ ಎಚ್ಚರ. ಪ್ಯಾನಿಕ್ ದಾರಿಯಲ್ಲಿ ದೊಡ್ಡ ಲೋಕಲ್ ಬಫರ್ ಬೇಡ. ಎಕ್ಸ್‌ವಿ6ರಲ್ಲಿ ಒಂದು ಪ್ರೊಸೆಸ್ಸಿನ ಕರ್ನೆಲ್ ಸ್ಟ್ಯಾಕ್ ಇರುವುದೇ 4096 ಬೈಟ್. 64 ಬಿಟ್ ಇಂಟೆಲ್ ಲಿನಕ್ಸಿನಲ್ಲೂ 16 ಕೆಬಿ ಅಷ್ಟೇ. ಇನ್ನು, ಹೇಳಲು ಬೇಜಾರು, ಆದರೂ ಪ್ಯಾನಿಕ್ ಸಂದೇಶ ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಒಂದು ಅಕ್ಷರಕ್ಕೆ ಒಂದು ಬೈಟ್. ನಡುವೆ ಎರಡು ಬೈಟ್ ಕಳೆದುಹೋದರೂ ಉಳಿದದ್ದು ಓದಲು ಬರುತ್ತದೆ. ಅಕ್ಕನ ಮಗ ಮುಖ ಗಂಟು ಹಾಕಿದ. ಕೊನೆಗೆ ಒಪ್ಪಿದ.

ಹೆಜ್ಜೆ 6: ಇಂಟರಪ್ಟ್ ಒಳಗೆ ಪ್ರಿಂಟ್ ಮಾಡುವ ಮೊದಲು ಲೆಕ್ಕ ಹಾಕಿ

115200 ವೇಗ ಕೇಳಲು ಜಾಸ್ತಿ ಅನಿಸುತ್ತದೆ. ಒಂದು ಬೈಟಿಗೆ ಶುರು ಮತ್ತು ಕೊನೆಯ ಬಿಟ್ ಸೇರಿ 10 ಬಿಟ್. ಅಂದರೆ ಸೆಕೆಂಡಿಗೆ 11520 ಬೈಟ್. 80 ಬೈಟಿನ ಒಂದು ಸಾಲಿಗೆ ಸುಮಾರು 7 ಮಿಲಿಸೆಕೆಂಡ್. ಟೈಮರ್ ಸೆಕೆಂಡಿಗೆ 100 ಸಲ ಬಂದರೆ ಎರಡು ಟಿಕ್ ನಡುವೆ ಇರುವುದು 10 ಮಿಲಿಸೆಕೆಂಡ್. ಹ್ಯಾಂಡ್ಲರಿನಲ್ಲಿ ಒಂದು ಸಾಲು ಬರೆದರೆ ಸಿಪಿಯುವಿನ ಹತ್ತರಲ್ಲಿ ಏಳು ಪಾಲು ಹೊತ್ತು ಅದಕ್ಕೇ ಹೋಯಿತು. ಎರಡು ಸಾಲು ಬರೆದರೆ ಕರ್ನೆಲ್ ಬೇರೆ ಕೆಲಸಕ್ಕೆ ಏಳುವುದೇ ಇಲ್ಲ. 9600ರಲ್ಲಿ ಆದರೆ ಒಂದೇ ಸಾಲಿಗೆ 83 ಮಿಲಿಸೆಕೆಂಡ್!

ಹಾಗಾಗಿ ಇಂಟರಪ್ಟ್ ಒಳಗೆ ಬರೆಯಬೇಡಿ, ಗುರುತು ಹಾಕಿಕೊಳ್ಳಿ. ಪ್ರತಿ ಸಿಪಿಯುವಿಗೆ ಒಂದು ರಿಂಗ್ ಬಫರ್ (ತುಂಬಿದರೆ ಹಳೆಯದರ ಮೇಲೆ ಬರೆಯುವ ಜಾಗ) ಇಟ್ಟು, ಸಮಯ, ಘಟನೆಯ ಸಂಖ್ಯೆ, ಒಂದೆರಡು ಮೌಲ್ಯ, ಇಷ್ಟನ್ನು ಅದರಲ್ಲಿ ಹಾಕಿ. ಪದ ಕಟ್ಟುವುದು, ಕಳಿಸುವುದು ಎಲ್ಲ ಆಮೇಲೆ ಬೇರೆ ಥ್ರೆಡ್ ಮಾಡಲಿ. ಆ ಥ್ರೆಡ್ ಓಡುವ ಮೊದಲೇ ಯಂತ್ರ ನಿಂತರೆ? ಬಫರ್ ಮೆಮೊರಿಯಲ್ಲೇ ಉಂಟು. ಕ್ಯೂಎಮುವನ್ನು ಎಸ್ ಆಯ್ಕೆಯಲ್ಲಿ ಓಡಿಸಿದ್ದರೆ 1234ನೇ ಪೋರ್ಟಿಗೆ ಜಿಡಿಬಿ ಡಿಬಗರ್ ಜೋಡಿಸಿ ಓದಿಕೊಳ್ಳಿ.

ಹೆಜ್ಜೆ 7: ಲಿನಕ್ಸ್ ಮಾಡ್ಯೂಲ್ ಬರೆಯುವವರಿಗೆ

ಮೇಲೆ ಹೇಳಿದ ಕಷ್ಟವನ್ನೆಲ್ಲ ಲಿನಕ್ಸಿನಲ್ಲಿ ಸಂದೇಶ ಬರೆಯುವ ಫಂಕ್ಷನ್ ಪ್ರಿಂಟ್‌ಕೆ ಬಹುಪಾಲು ತಾನೇ ಹೊತ್ತುಕೊಂಡಿದೆ. ಅದು ಅಷ್ಟು ಸುಲಭದಲ್ಲಿ ಆದದ್ದಲ್ಲ. ಲಾಕ್ ಬೇಡದ ರಿಂಗ್ ಬಫರ್ ಬಂದದ್ದು ಡಿಸೆಂಬರ್ 2020ರ 5.10 ಆವೃತ್ತಿಯಲ್ಲಿ. ರಿಯಲ್‌ಟೈಮ್ (ಗೊತ್ತುಪಡಿಸಿದ ಹೊತ್ತಿನೊಳಗೆ ಉತ್ತರಿಸುವ) ಬೆಂಬಲ ಮುಖ್ಯ ಕರ್ನೆಲ್ಲಿಗೆ ಸೇರಿದ್ದು ನವೆಂಬರ್ 2024ರ 6.12ರಲ್ಲಿ. ಅಷ್ಟು ತಡವಾಗಲು ಕೊನೆಗೆ ಉಳಿದ ದೊಡ್ಡ ತೊಡಕು ಈ ಪ್ರಿಂಟ್‌ಕೆಯೇ ಆಗಿತ್ತು. ಒಂದು ಸಾಲು ಬರೆಯುವ ಫಂಕ್ಷನ್ನಿಗೆ ಇಷ್ಟು ವರ್ಷ!

ಬೂಟ್ ಸಾಲಿನಲ್ಲಿ ಕನ್ಸೋಲ್=ಟಿಟಿವೈಎಸ್0,115200 ಎಂದು ಹಾಕಿ. ಇಲ್ಲಿ ಎಸ್ ಮಾತ್ರ ದೊಡ್ಡಕ್ಷರ. ಎರಡು ಕನ್ಸೋಲ್ ಕೊಟ್ಟರೆ ಸಂದೇಶ ಎರಡಕ್ಕೂ ಹೋಗುತ್ತದೆ, ಆದರೆ ಮೊದಲ ಪ್ರೊಸೆಸ್ ಆದ ಇನಿಟ್‌ನ ಮಾತು ಕೊನೆಯದಕ್ಕೆ. ಸೀರಿಯಲ್ ಡ್ರೈವರ್ ಏಳುವ ಮೊದಲೇ ಕರ್ನೆಲ್ ಸಾಯುತ್ತಿದ್ದರೆ ಅದೇ ಸಾಲಿಗೆ ಅರ್ಲಿಕಾನ್ ಸೇರಿಸಿ.

ಸಂದೇಶಗಳಿಗೆ 0ಯಿಂದ 7ರವರೆಗೆ ಮಟ್ಟ ಉಂಟು. 0 ಅಂದರೆ ಮನೆ ಮುಳುಗಿತು, 7 ಅಂದರೆ ಡಿಬಗ್ ಗೊಣಗಾಟ. ಪ್ರೋಕ್, ಸಿಸ್, ಕರ್ನೆಲ್ ಒಳಗಿನ ಪ್ರಿಂಟ್‌ಕೆ ಫೈಲಿನಲ್ಲಿ ನಾಲ್ಕು ಅಂಕಿ ಕಾಣುತ್ತದೆ. ಮೊದಲನೆಯದಕ್ಕಿಂತ ಚಿಕ್ಕ ಮಟ್ಟದ್ದು ಮಾತ್ರ ಕನ್ಸೋಲಿಗೆ ಬರುತ್ತದೆ. ಅಲ್ಲಿ 7 ಇದ್ದರೆ ಡಿಬಗ್ ಸಂದೇಶ ಬರುವುದಿಲ್ಲ, 8 ಮಾಡಬೇಕು. ನನ್ನ ಅಭ್ಯಾಸ ಬೇರೆ: ಕನ್ಸೋಲಿಗೆ ಕಡಿಮೆ ಬಿಡುತ್ತೇನೆ, ಉಳಿದದ್ದನ್ನು ಕರ್ನೆಲ್ ಬಫರ್ ತೋರಿಸುವ ಡಿಮೆಸೇಜ್ (ಡಿಎಂಇಎಸ್‌ಜಿ) ಆಜ್ಞೆಯಲ್ಲಿ ಓದುತ್ತೇನೆ. ನಿಧಾನ ಮಾಡುವುದು ಬಫರ್ ಅಲ್ಲ, ತಂತಿ. ಬಫರ್ ಸಾಲದಿದ್ದರೆ ಲಾಗ್_ಬಫ್_ಲೆನ್=4ಎಂ ಎಂದು ಬೂಟ್ ಸಾಲಿಗೆ ಸೇರಿಸಿ, ಇಲ್ಲಿ ಎಂ ದೊಡ್ಡಕ್ಷರ.

ಪದೇಪದೇ ಬರುವ ಜಾಗದಲ್ಲಿ ರೇಟ್‌ಲಿಮಿಟೆಡ್ ರೂಪ ಬಳಸಿ. ಮೂಲ ಸೆಟ್ಟಿಂಗ್‌ನಲ್ಲಿ ಅದು 5 ಸೆಕೆಂಡಿಗೆ 10 ಸಂದೇಶ ಬಿಡುತ್ತದೆ. ಒಮ್ಮೆ ಸಾಕಾದರೆ ಒನ್ಸ್ ರೂಪ ಉಂಟು. ಬಿಸಿ ಜಾಗಗಳಿಗೆ (ಬಿಡದೆ ಓಡುವ ಕೋಡಿಗೆ), ಎನ್‌ಎಂಐ ಒಳಗೂ, ಟ್ರೇಸ್_ಪ್ರಿಂಟ್‌ಕೆ ಒಳ್ಳೆಯದು. ಅದು ಕನ್ಸೋಲ್ ಮುಟ್ಟುವುದೇ ಇಲ್ಲ. ಬರೆದದ್ದನ್ನು ಟ್ರೇಸಿಂಗ್ ಫೋಲ್ಡರಿನ ಟ್ರೇಸ್ ಫೈಲಿನಲ್ಲಿ ಓದಬಹುದು. ಅದನ್ನು ಬಳಸಿದ ಕರ್ನೆಲ್ ಶುರುವಾಗುವಾಗ ದೊಡ್ಡ ಚೌಕಟ್ಟಿನ ಎಚ್ಚರಿಕೆ ಹೊಡೆಯುತ್ತದೆ, ಹೆದರಬೇಡಿ. ಕೆಲಸ ಮುಗಿದ ಮೇಲೆ ತೆಗೆಯಿರಿ ಅಷ್ಟೇ.

ಯಂತ್ರ ಅಂಟಿಕೊಂಡ ಹಾಗಿದ್ದರೆ ಸೀರಿಯಲ್ಲಿನಲ್ಲಿ ಬ್ರೇಕ್ ಕಳಿಸಿ, 5 ಸೆಕೆಂಡಿನ ಒಳಗೆ ಎಲ್ ಒತ್ತಿ. ಸಿಸ್‌ಆರ್‌ಕ್ಯು (ಕರ್ನೆಲ್ಲಿಗೆ ಕೀಲಿಯಿಂದ ನೇರ ಆಜ್ಞೆ) ಅನುಮತಿ ಇದ್ದರೆ ಎಲ್ಲ ಸಿಪಿಯುಗಳ ಟ್ರೇಸ್ ಬರುತ್ತದೆ. ಕೈ ತಪ್ಪಿ ಬಿ ಒತ್ತಬೇಡಿ. ಅದು ಡಿಸ್ಕಿಗೆ ಏನೂ ಉಳಿಸದೆ ಆ ಕ್ಷಣವೇ ರೀಬೂಟ್.

ಸೀರಿಯಲ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ನೆಟ್‌ಕನ್ಸೋಲ್ ಒಂದು ದಾರಿ. ಯುಡಿಪಿ 6666ಕ್ಕೆ ಸಂದೇಶ ಕಳಿಸುತ್ತದೆ. ಆದರೆ ನೀವು ಡಿಬಗ್ ಮಾಡುತ್ತಿರುವುದೇ ನೆಟ್‌ವರ್ಕ್ ಡ್ರೈವರ್ ಆದರೆ ಬೇಡ. ಒಂದು ಪ್ಯಾಕೆಟ್ ಹೋದಾಗ ಒಂದು ಸಂದೇಶ, ಆ ಸಂದೇಶ ಹೋಗಲು ಇನ್ನೊಂದು ಪ್ಯಾಕೆಟ್. ಮುಗಿಯುವುದು ಯಾವಾಗ?

ಹೆಜ್ಜೆ 8: ಏನು ಬರೆಯುತ್ತೀರಿ ಎಂಬುದೂ ಸುರಕ್ಷತೆಯೇ

ಹೊರಗಿಂದ ಬಂದ ಪದವನ್ನು ಫಾರ್ಮ್ಯಾಟ್ ಜಾಗದಲ್ಲಿ ಇಡಬೇಡಿ. ಫೈಲಿನ ಹೆಸರಿನ ಒಳಗೆ ಶೇಕಡಾ ಚಿಹ್ನೆ ಇದ್ದರೆ ಪ್ರಿಂಟ್ ಅದನ್ನು ಆಜ್ಞೆ ಎಂದುಕೊಂಡು ಸ್ಟ್ಯಾಕ್ ಕೆದಕಲು ಹೊರಡುತ್ತದೆ. ಫಾರ್ಮ್ಯಾಟಿನಲ್ಲಿ ಶೇಕಡಾ-ಎಸ್, ಪದ ಅದರ ನಂತರ, ಯಾವಾಗಲೂ. ಬಳಕೆದಾರರ ಪಾಯಿಂಟರನ್ನು ಸೀದಾ ಕೊಡುವುದೂ ಬೇಡ, ಮೊದಲು ಕರ್ನೆಲ್ ಕಡೆಗೆ ನಕಲು ಮಾಡಿ, ಉದ್ದಕ್ಕೆ ಮಿತಿ ಹಾಕಿ. ಎಸ್ಕೇಪ್ ಬೈಟುಗಳು ಹಾಗೆಯೇ ಟರ್ಮಿನಲ್ಲಿಗೆ ಹೋದರೆ ಬಣ್ಣ ಕೆಡುತ್ತದೆ, ಸಾಲು ಅಳಿಯುತ್ತದೆ. ಆಗ ಇಲ್ಲದ ಬಗ್ ಹುಡುಕುತ್ತಾ ಕೂರುತ್ತೀರಿ. ಕೆಟ್ಟ ಟರ್ಮಿನಲ್ಲಿಗೆ ರೀಸೆಟ್ ಎಂದು ಟೈಪ್ ಮಾಡಿದರೆ ಸಾಕು.

ವಿಳಾಸ ಬರೆಯಲು ಲಿನಕ್ಸಿನಲ್ಲಿ ಶೇಕಡಾ-ಪಿ ಹಾಕಿದರೆ ಸಂಬಂಧವೇ ಇಲ್ಲದ ಸಂಖ್ಯೆ ಬರುತ್ತದೆ. 2018ರ ಜನವರಿಯ 4.15ರಿಂದ ಹೀಗೆ. ಕರ್ನೆಲ್ ವಿಳಾಸ ಕಳ್ಳರ ಕೈಗೆ ಸಿಗದಿರಲಿ ಎಂದು ಕಲಸಿ ತೋರಿಸುತ್ತದೆ. ನಿಜವಾದದ್ದು ಬೇಕಾದರೆ ಶೇಕಡಾ-ಪಿಎಕ್ಸ್ ಉಂಟು, ನಿಮ್ಮ ಮೇಜಿನ ಯಂತ್ರದಲ್ಲಿ ಮಾತ್ರ. ಲಾಗನ್ನು ಇನ್ನೊಬ್ಬರಿಗೆ ಕಳಿಸುವ ಮೊದಲು ಒಮ್ಮೆ ಕಣ್ಣಾಡಿಸಿ, ಪಾಸ್‌ವರ್ಡ್, ಕೀ ಎಲ್ಲಾದರೂ ಸೇರಿಕೊಂಡಿರಬಹುದು.

ಸಂಜೆ ಮಳೆ ಸ್ವಲ್ಪ ಬಿಟ್ಟಿತು. ಹುಡುಗರು ಲಾಕಿನ ಸುತ್ತ ಇಂಟರಪ್ಟ್ ಮುಚ್ಚಿದರು, ಟೈಮರಿನ ಪ್ರಿಂಟ್ ತೆಗೆದು ರಿಂಗ್ ಬಫರಿಗೆ ಹಾಕಿದರು. ಎರಡು ಸಿಪಿಯು ಕೊಟ್ಟು ಕ್ಯೂಎಮು ಓಡಿಸಿದರು. ಸಾಲು ಈ ಸಲ ಪೂರ್ತಿ ಬಂತು:

ಪ್ರೊಸೆಸ್ 2 ಪುಟ ಪಡೆಯಿತು 1ಎಫ್3000
ಪ್ರೊಸೆಸ್ 3 ಪುಟ ಪಡೆಯಿತು 1ಎಫ್3000

ಇಬ್ಬರೂ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಅಕ್ಕನ ಮಗ ತಲೆ ಕೆರೆದುಕೊಂಡ.

"ಮಾವ, ಅಲೊಕೇಟರಿಗೆ ನಾವು ಲಾಕೇ ಹಾಕ್ಲಿಲ್ಲ."